ಚೀಲದಿಂದ ಪ್ಯಾಕೆಟ್‌ಗೆ: ರೀಪ್ಯಾಕ್ ಮಾಡಿ ಮಾರುವವರಿಗೆ ಹಂತ ಹಂತದ ದಾರಿ

"ಮಂಡಿಯಿಂದ ತೊಗರಿಬೇಳೆ ಚೀಲ ತಂದು, ಅರ್ಧ ಕಿಲೋ ಪ್ಯಾಕೆಟ್ ಮಾಡಿ, ನಮ್ಮದೇ ಹೆಸರು ಹಾಕಿ ಮಾರಬಹುದಾ? ಲೈಸೆನ್ಸ್ ಬೇಕಾ? ಮನೇಲೇ ಮಾಡಬಹುದಾ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಸ್ತ್ರೀಶಕ್ತಿ ಸಂಘದವರು ಕೇಳುತ್ತಾರೆ, ಕಿರಾಣಿ ಅಂಗಡಿಯವರು ಕೇಳುತ್ತಾರೆ, ನಗರದ ಕೆಲಸ ಬಿಟ್ಟು ಊರಿಗೆ ಮರಳಿದವರೂ ಕೇಳುತ್ತಾರೆ.

ಮಾರಬಹುದು. ಮನೆಯಲ್ಲೂ ಮಾಡಬಹುದು. ಆದರೆ ಒಂದು ಮಾತು ಮೊದಲೇ ಗೊತ್ತಿರಲಿ. ಪ್ಯಾಕೆಟ್ ಮೇಲೆ ನಿಮ್ಮ ಹೆಸರು ಬಿತ್ತು ಅಂದರೆ ಒಳಗಿನ ಮಾಲಿಗೆ ನೀವೇ ಹೊಣೆ. "ಮಂಡಿಯವರು ಕೊಟ್ಟಿದ್ದೇ ಹಾಗಿತ್ತು" ಅನ್ನುವ ಮಾತು ಗಿರಾಕಿಯ ಮುಂದೆಯೂ ನಡೆಯುವುದಿಲ್ಲ, ಅಧಿಕಾರಿಯ ಮುಂದೆಯೂ ನಡೆಯುವುದಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 27ನೇ ಕಲಂ ತಯಾರಕರ ಜೊತೆಗೆ ಪ್ಯಾಕ್ ಮಾಡುವವರನ್ನೂ ಹೊಣೆಗಾರರು ಅಂತಲೇ ಹೇಳುತ್ತದೆ. ಕೆಳಗಿನ ಹಂತಗಳನ್ನೆಲ್ಲ ಈ ಹೊಣೆಯನ್ನು ಮನಸ್ಸಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಯಾವುದು ರೀಪ್ಯಾಕ್, ಯಾವುದು ಅಲ್ಲ

ದೊಡ್ಡ ಚೀಲದ ಮಾಲನ್ನು ಅದರ ಗುಣ ಬದಲಿಸದೆ ಸಣ್ಣ ಪ್ಯಾಕೆಟ್‌ಗಳಿಗೆ ಹಂಚಿ ತುಂಬಿದರೆ ಅದು ರೀಪ್ಯಾಕ್. ಬ್ಯಾಡಗಿ ಮೆಣಸಿನಕಾಯಿಯನ್ನು ಹಾಗೇ 250 ಗ್ರಾಂ ಪ್ಯಾಕೆಟ್ ಮಾಡಿದಿರಿ, ಅದು ರೀಪ್ಯಾಕ್. ಅದನ್ನೇ ಪುಡಿ ಮಾಡಿಸಿ ತುಂಬಿದಿರಿ, ಅದು ತಯಾರಿಕೆ. ಧನಿಯಾ, ಜೀರಿಗೆ ಸೇರಿಸಿ ಸಾರಿನ ಪುಡಿ ಮಾಡಿದರೂ ತಯಾರಿಕೆಯೇ. ಒಳಗಿನ ಮಾಲು ಮುಟ್ಟದೆ ಬರೀ ಲೇಬಲ್ ಬದಲಿಸಿದರೆ ಅದಕ್ಕೆ ರೀಲೇಬಲ್ ಅನ್ನುತ್ತಾರೆ. ಅರ್ಜಿ ಹಾಕುವಾಗ ಇವು ಬೇರೆ ಬೇರೆ ವರ್ಗಗಳು. ಪುಡಿ ಮಾಡುತ್ತಾ ರೀಪ್ಯಾಕರ್ ಅಂತ ಬರೆಸಿಕೊಂಡರೆ ನೋಂದಣಿ ಇದ್ದೂ ಇಲ್ಲದ ಹಾಗೆ.

ಇನ್ನೊಂದು ವ್ಯತ್ಯಾಸವೂ ಇದೆ. ಗಿರಾಕಿ ಎದುರು ನಿಂತು "ಅರ್ಧ ಕಿಲೋ ಕೊಡಿ" ಅಂದ ಮೇಲೆ ತೂಗಿ ಕಟ್ಟಿಕೊಟ್ಟರೆ ಅದು ಬಿಡಿ ಮಾರಾಟ. ಗಿರಾಕಿ ಬರುವ ಮೊದಲೇ ಅಳತೆ ಮಾಡಿ ಕಟ್ಟಿಟ್ಟರೆ ಅದು ಮೊದಲೇ ಪ್ಯಾಕ್ ಮಾಡಿದ ಸರಕು. ಲೇಬಲ್ ನಿಯಮಗಳೆಲ್ಲ ಈ ಎರಡನೆಯದಕ್ಕೆ ಅಂಟಿಕೊಂಡು ಬರುತ್ತವೆ. ಬೆಳಿಗ್ಗೆ ಪುರುಸೊತ್ತಿನಲ್ಲಿ ಹತ್ತು ಪೊಟ್ಟಣ ಕಟ್ಟಿಡುವ ಅಂಗಡಿಯವರು ಇದನ್ನು ಗಮನಿಸಬೇಕು.

ಬೇರೆ ಕಂಪನಿಯ ಬ್ರ್ಯಾಂಡ್ ಪ್ಯಾಕೆಟ್ ಒಡೆದು ನಿಮ್ಮ ಹೆಸರಲ್ಲಿ ತುಂಬುವ ಯೋಚನೆ ಇದ್ದರೆ ಬಿಟ್ಟುಬಿಡಿ. ಈ ಲೇಖನ ಅದಕ್ಕಲ್ಲ.

ಏನೇನು ಬೇಕು

ಕಾಗದಪತ್ರ: ಗುರುತಿನ ಚೀಟಿ, ಫೋಟೋ, ಜಾಗದ ದಾಖಲೆ (ಬಾಡಿಗೆ ಜಾಗವಾದರೆ ಕರಾರು ಪತ್ರ). ಸಾಮಾನು: ಮುದ್ರೆ ಹಾಕಿಸಿದ ಎಲೆಕ್ಟ್ರಾನಿಕ್ ತಕ್ಕಡಿ, ಹ್ಯಾಂಡ್ ಸೀಲರ್, ಜರಡಿ, ಮೊರ, ಸ್ಟೀಲ್ ಡಬ್ಬ ಮತ್ತು ಸೌಟು, ಆಹಾರಕ್ಕೆ ಯೋಗ್ಯವಾದ ಕವರ್, ಲೇಬಲ್, ಒಂದು ದಪ್ಪ ನೋಟ್‌ಬುಕ್. ನೋಟ್‌ಬುಕ್ ಯಾಕೆ ಅನ್ನುವುದು ಏಳನೇ ಹಂತದಲ್ಲಿ ಬರುತ್ತದೆ.

ಹಂತ 1: ಆಹಾರ ನೋಂದಣಿ

ಆಹಾರ ಪದಾರ್ಥ ಮಾರುವ ಯಾರೇ ಆದರೂ ಎಫ್‌ಎಸ್‌ಎಸ್‌ಎಐ ಅಡಿಯಲ್ಲಿ ಬರುತ್ತಾರೆ. ಇದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ. ಸಣ್ಣ ವಹಿವಾಟಿಗೆ ರಿಜಿಸ್ಟ್ರೇಶನ್, ಅದಕ್ಕಿಂತ ದೊಡ್ಡದಕ್ಕೆ ಲೈಸೆನ್ಸ್. 2011ರ ನಿಯಮ ಬಂದಾಗ ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ವಹಿವಾಟಿಗೆ ರಿಜಿಸ್ಟ್ರೇಶನ್ ಸಾಕು ಅಂತಿತ್ತು. ಇಂಥ ಮಿತಿಗಳು ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ದಿನ ಎಫ್‌ಎಸ್‌ಎಸ್‌ಎಐನ ಫೋಸ್ಕೋಸ್ ಪೋರ್ಟಲ್‌ನಲ್ಲಿರುವ ಮಿತಿ ಮತ್ತು ಶುಲ್ಕವನ್ನೇ ನಂಬಿ. ಅರ್ಜಿಯೂ ಅಲ್ಲೇ, ಆನ್‌ಲೈನ್.

ವ್ಯವಹಾರದ ಬಗೆ ಕೇಳುವಲ್ಲಿ ರೀಪ್ಯಾಕರ್ ಆರಿಸಿ. ಸುಮ್ನೆ ಚಿಲ್ಲರೆ ಮಾರಾಟ ಅಂತ ಆರಿಸಿ ಮುಂದೆ ಹೋಗುವವರು ಜಾಸ್ತಿ. ಆ ಸಂಖ್ಯೆ ಇಟ್ಟುಕೊಂಡು ನೀವು ಅಂಗಡಿ ನಡೆಸಬಹುದು, ಪ್ಯಾಕ್ ಮಾಡುವಂತಿಲ್ಲ. ಅಂಗಡಿಯೂ ಇದೆ, ಪ್ಯಾಕಿಂಗೂ ಇದೆ ಅಂದರೆ ಎರಡನ್ನೂ ಬರೆಯಿರಿ. ಸಿಗುವ ಸಂಖ್ಯೆಯಲ್ಲಿ 14 ಅಂಕಿ ಇರುತ್ತವೆ. ಲೈಸೆನ್ಸ್ ಆದರೆ 1ರಿಂದ, ರಿಜಿಸ್ಟ್ರೇಶನ್ ಆದರೆ 2ರಿಂದ ಶುರುವಾಗುತ್ತದೆ. ನೋಂದಣಿ ಇರುವುದು ಆ ವಿಳಾಸಕ್ಕೆ. ಜಾಗ ಬದಲಿಸಿದರೆ ಅದರಲ್ಲೂ ಬದಲಿಸಬೇಕು.

ಹಂತ 2: ತೂಕದ ಇಲಾಖೆಯ ನೋಂದಣಿ

ಹೆಚ್ಚಿನವರು ತಪ್ಪುವುದು ಇಲ್ಲೇ. ಆಹಾರ ನೋಂದಣಿ ಆಯಿತು, ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಮತ್ತು ಅದರ ಕೆಳಗೆ 2011ರಲ್ಲಿ ಬಂದ ಪ್ಯಾಕ್ ಮಾಡಿದ ಸರಕುಗಳ ನಿಯಮ ಬೇರೆಯೇ ಇದೆ. ಅದರ 27ನೇ ನಿಯಮದ ಪ್ರಕಾರ, ಪ್ಯಾಕಿಂಗ್ ಶುರು ಮಾಡಿದ 90 ದಿನದೊಳಗೆ ಪ್ಯಾಕರ್ ಅಂತ ಹೆಸರು ನೋಂದಾಯಿಸಬೇಕು. ನಿಯಮದಲ್ಲಿರುವ ಶುಲ್ಕ 500 ರೂಪಾಯಿ. ನಮ್ಮಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆ ಇದನ್ನು ನೋಡಿಕೊಳ್ಳುತ್ತದೆ. ಜನರ ಬಾಯಲ್ಲಿ ಅದು ತೂಕ ಮತ್ತು ಅಳತೆ ಇಲಾಖೆ.

ತಕ್ಕಡಿಗೆ ಮುದ್ರೆ ಹಾಕಿಸುವುದೂ ಇದೇ ಇಲಾಖೆಯಲ್ಲಿ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಬೀಳಬೇಕು. ತಕ್ಕಡಿ ಕೊಳ್ಳುವಾಗಲೇ ಅದು ಎಷ್ಟು ಗ್ರಾಂ ಹೆಜ್ಜೆಯಲ್ಲಿ ತೋರಿಸುತ್ತದೆ ಅಂತ ಕೇಳಿ. ಚೀಲ ತೂಗುವ ದೊಡ್ಡ ತಕ್ಕಡಿ 5 ಅಥವಾ 10 ಗ್ರಾಂ ಹೆಜ್ಜೆ ಹಾಕುತ್ತದೆ. ಅದರಲ್ಲಿ 100 ಗ್ರಾಂ ಮೆಣಸಿನಕಾಯಿ ಪ್ಯಾಕೆಟ್ ತೂಗಿದರೆ ಲೆಕ್ಕ ಸರಿ ಬರುವುದೇ ಇಲ್ಲ. ಒಂದು ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇರೆ ಇಟ್ಟುಕೊಳ್ಳಿ.

ಇನ್ನು ಜಿಎಸ್‌ಟಿ. 2022ರ ಜುಲೈ 18ರಿಂದ ಬೇಳೆ, ಅಕ್ಕಿ, ಹಿಟ್ಟಿನಂಥವು 25 ಕಿಲೋವರೆಗಿನ ಲೇಬಲ್ ಹಾಕಿದ ಪ್ಯಾಕೆಟ್‌ನಲ್ಲಿದ್ದರೆ ಶೇ 5 ತೆರಿಗೆ. ಬಿಡಿಯಾಗಿ ಕೊಟ್ಟರೆ ಇಲ್ಲ. ನೀವು ಜಿಎಸ್‌ಟಿ ನೋಂದಣಿ ಮಾಡಿಸಬೇಕೋ ಬೇಡವೋ ಅನ್ನುವುದು ವಹಿವಾಟಿನ ಮೇಲೆ ನಿಂತಿದೆ. ಆದರೆ ಗಡಿ ದಾಟಿ ಬೇರೆ ರಾಜ್ಯಕ್ಕೆ ಮಾಲು ಮಾರಿದರೆ ವಹಿವಾಟು ಎಷ್ಟೇ ಸಣ್ಣದಿದ್ದರೂ ನೋಂದಣಿ ಬೇಕೇ ಬೇಕು. ಬೆಳಗಾವಿ, ಬೀದರ್, ಬಳ್ಳಾರಿ ಕಡೆಯವರು ಇದನ್ನು ಮರೆಯಬೇಡಿ.

ಹಂತ 3: ಮಾಲು ಕೊಳ್ಳುವುದು

ಬಿಲ್ ಇಲ್ಲದೆ ಮಾಲು ತರಬೇಡಿ. ಕೊಡುವವರ ಬಿಲ್ ಮೇಲೆ ಅವರ 14 ಅಂಕಿಯ ಸಂಖ್ಯೆ ಇರಬೇಕು. ಜೊತೆಗೆ ಫಾರ್ಮ್ ಇ ಕೇಳಿ. ಅಂದರೆ "ಈ ಮಾಲು ಹೇಳಿದ ಗುಣಮಟ್ಟದ್ದೇ" ಅಂತ ಮಾರುವವರು ಲಿಖಿತವಾಗಿ ಕೊಡುವ ಭರವಸೆ. ಅದನ್ನು ಬಿಲ್ ಮೇಲೇ ಒಂದು ಸಾಲಲ್ಲಿ ಬರೆದುಕೊಡುವವರೂ ಇದ್ದಾರೆ. ನಾಳೆ ಮಾಲಿನಲ್ಲಿ ತೊಂದರೆ ಕಂಡರೆ ಅದು ಎಲ್ಲಿಂದ ಬಂತು ಅಂತ ತೋರಿಸಲು ನಿಮ್ಮ ಕೈಯಲ್ಲಿರುವುದು ಈ ಕಾಗದವೊಂದೇ.

ಬೇಳೆ ಕೊಳ್ಳುವಾಗ ಚೀಲದ ಬಾಯಿ ಮಾತ್ರ ನೋಡಬೇಡಿ. ತಳದವರೆಗೆ ಕೈ ಹಾಕಿ ಒಂದು ಹಿಡಿ ತೆಗೆಯಿರಿ. ಅಂಗೈ ಮೇಲೆ ಉಜ್ಜಿ. ಬಿಳಿ ಹುಡಿ ಜಾಸ್ತಿ ಅಂಟಿದರೆ, ಕಾಳಿನಲ್ಲಿ ಸೂಜಿ ಮೊನೆಯಂಥ ತೂತು ಕಂಡರೆ ಹುಳು ಆಗಲೇ ಒಳಗಿದೆ. ಅಸಹಜವಾಗಿ ಹೊಳೆಯುವ ಹಳದಿಯೂ ಅನುಮಾನಕ್ಕೆ ಕಾರಣ. ಬೇಳೆಗೆ ಬಣ್ಣ ಹಾಕುವಂತೆಯೇ ಇಲ್ಲ.

ಒಣಮೆಣಸಿನಕಾಯಿಯಲ್ಲಿ ನೋಡಬೇಕಾದ್ದು ತೇವ. ತೂಕ ಬರಲಿ ಅಂತ ನೀರು ಚಿಮುಕಿಸಿದ ಕಾಯಿ ಮಾರುಕಟ್ಟೆಯಲ್ಲಿ ಸಿಗುತ್ತದೆ. ಕಾಯಿ ಮಡಚಿ ನೋಡಿ. ಚರ್ಮದ ಹಾಗೆ ಬಾಗಿ ಮೆತ್ತಗೆ ಉಳಿದರೆ ತೇವ ಇದೆ. ಒಂದನ್ನು ಉದ್ದಕ್ಕೆ ಸೀಳಿ ಒಳಗೆ ನೋಡಿ. ಬೀಜದ ಸುತ್ತ ಬೂದು ಅಥವಾ ಕಪ್ಪು ಬೂಷ್ಟು ಇದ್ದರೆ ಇಡೀ ಚೀಲ ಬೇಡ. ನಿಯಮದ ಪ್ರಕಾರ ಇಡಿ ಮೆಣಸಿನಕಾಯಿಯಲ್ಲಿ ತೇವ ಶೇ 11 ಮೀರಬಾರದು. ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಅನ್ನುವ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಶೇಂಗಾ ಪ್ಯಾಕ್ ಮಾಡುವವರಿಗಂತೂ ಇದು ದೊಡ್ಡ ಅಪಾಯ. ಮುರುಟಿದ, ಕಪ್ಪಾದ ಬೀಜ ಒಂದೂ ಒಳಗೆ ಹೋಗಬಾರದು.

ಬ್ಯಾಡಗಿ ಅನ್ನುವ ಹೆಸರಿನ ಬಗ್ಗೆ ಒಂದು ಮಾತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೂ, ಕಲಬುರಗಿ ತೊಗರಿಬೇಳೆಗೆ 2019ರಲ್ಲೂ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿದೆ. ಆಂಧ್ರದ ಕಾಯಿ ತುಂಬಿ ಮೇಲೆ ಬ್ಯಾಡಗಿ ಅಂತ ಅಚ್ಚು ಹಾಕಿದರೆ ಗಿರಾಕಿಗೆ ಮೋಸ, ಹಾವೇರಿ ಕಡೆಯ ರೈತರಿಗೂ ಮೋಸ. ಸುಕ್ಕು ಸುಕ್ಕಾದ ಬ್ಯಾಡಗಿ ಕಡ್ಡಿ ತಳಿಯ ಕಾಯಿಯೂ ನುಣುಪು ಚರ್ಮದ ಗುಂಟೂರು ಕಾಯಿಯೂ ಪಕ್ಕದಲ್ಲಿಟ್ಟರೆ ಗುರುತು ಸಿಗುತ್ತದೆ. ಕಲಿತುಕೊಳ್ಳಿ.

ಹಂತ 4: ಸ್ವಚ್ಛ ಮಾಡಿ ಆರಿಸುವುದು

ಜರಡಿ ಹಿಡಿಯಿರಿ, ಮೊರದಲ್ಲಿ ಕೇರಿ, ಕಲ್ಲು ಆರಿಸಿ. ಬಿಸಿಲಿಗೆ ಹಾಕುವುದಾದರೆ ನೆಲಕ್ಕಿಂತ ಎತ್ತರದಲ್ಲಿ, ಶುದ್ಧ ಬಟ್ಟೆಯ ಮೇಲೆ ಹರವಿ.

ಇಲ್ಲಿ ಬಹಳ ಜನ ಅವಸರ ಮಾಡುತ್ತಾರೆ. ಬಿಸಿಲಲ್ಲಿ ಕಾದ ಬೇಳೆಯನ್ನು ಬೆಚ್ಚಗಿರುವಾಗಲೇ ತುಂಬಿ ಸೀಲ್ ಮಾಡಿಬಿಡುತ್ತಾರೆ. ರಾತ್ರಿ ತಣ್ಣಗಾದಾಗ ಪ್ಯಾಕೆಟ್ ಒಳಗೆ ಬೆವರು ಕಟ್ಟುತ್ತದೆ. ಕೆಲವು ದಿನದಲ್ಲಿ ಮುಗ್ಗಲು ವಾಸನೆ, ಆಮೇಲೆ ಬೂಷ್ಟು. ಬಿಸಿಲಿಂದ ತಂದ ಮಾಲು ನೆರಳಲ್ಲಿ ಪೂರ್ತಿ ಆರಬೇಕು. ಕೈ ತೂರಿಸಿದಾಗ ರಾಶಿಯ ನಡುವೆಯೂ ತಣ್ಣಗಿರಬೇಕು. ಆಮೇಲೆ ತುಂಬಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಲ್ಲಿ, ಆರಿದ ಮಾಲನ್ನು ತೆರೆದಿಟ್ಟರೆ ಮತ್ತೆ ತೇವ ಎಳೆದುಕೊಳ್ಳುತ್ತದೆ. ಅಂದಂದು ಸ್ವಚ್ಛ ಮಾಡಿದ್ದನ್ನು ಅಂದೇ ಪ್ಯಾಕ್ ಮಾಡಿ.

ಹುಳುವಿನ ವಿಷಯವೂ ಗೊತ್ತಿರಲಿ. ಇಡಿ ಕಾಳಿಗೆ ಬೀಳುವ ಹುಳು ಮೊಟ್ಟೆ ಇಡುವುದು ಕಾಳಿನ ಮೇಲೆ, ಮರಿ ಬೆಳೆಯುವುದು ಕಾಳಿನ ಒಳಗೆ. ಕಣ್ಣಿಗೆ ಶುದ್ಧವಾಗಿ ಕಂಡ ಹೆಸರುಕಾಳಿನ ಪ್ಯಾಕೆಟ್‌ನಲ್ಲಿ ಆಮೇಲೆ ಹುಳು ಹೊರಡುವುದು ಇದರಿಂದಲೇ. ಪ್ಯಾಕ್ ಮಾಡಿದ ಮಾತ್ರಕ್ಕೆ ಹುಳು ಸಾಯುವುದಿಲ್ಲ. ಹಳೆಯ ಚೀಲ, ಮೂಲೆಯಲ್ಲಿ ಉದುರಿದ ಕಾಳು, ಜರಡಿಯ ಸಂದಿ, ಇವೇ ಅದರ ಮನೆ. ಪ್ರತಿ ಸಲ ಗುಡಿಸಿ, ಕಸ ಹೊರಗೆ ಹಾಕಿ.

ಕೆಲಸ ಮಾಡುವವರು ತಲೆಗೆ ಟೋಪಿ ಅಥವಾ ಬಟ್ಟೆ ಕಟ್ಟಿಕೊಳ್ಳಲಿ, ಬಳೆ ಉಂಗುರ ತೆಗೆದಿಡಲಿ. ವರ್ಷಕ್ಕೊಮ್ಮೆ ವೈದ್ಯರಲ್ಲಿ ತಪಾಸಣೆ ಮಾಡಿಸಿ ಪ್ರಮಾಣಪತ್ರ ಇಟ್ಟುಕೊಳ್ಳಿ.

ಹಂತ 5: ಕವರ್ ಆರಿಸುವುದು

ಅಂಗಡಿಯವರು "ಫುಡ್ ಗ್ರೇಡ್ ಸಾರ್" ಅಂದರೆ ಸಾಲದು. ಐಎಸ್ 9845 ಪರೀಕ್ಷೆಯ ವರದಿ ಕೇಳಿ. ಪ್ಲಾಸ್ಟಿಕ್‌ನಿಂದ ಆಹಾರಕ್ಕೆ ಎಷ್ಟು ರಾಸಾಯನಿಕ ಇಳಿಯುತ್ತದೆ ಅಂತ ಅಳೆಯುವ ಪರೀಕ್ಷೆ ಅದು. ಪತ್ರಿಕೆ ಹಾಳೆಯಲ್ಲಿ ಆಹಾರ ಕಟ್ಟುವಂತಿಲ್ಲ. 2018ರ ಪ್ಯಾಕೇಜಿಂಗ್ ನಿಯಮ ಅದನ್ನು ನಿಷೇಧಿಸಿದೆ. ಸ್ಟೇಪ್ಲರ್ ಪಿನ್ ಕೂಡ ಬೇಡ. ಕಳಚಿದ ಪಿನ್ ಸಾರಿನ ಪಾತ್ರೆಗೆ ಹೋದರೆ ಗತಿ ಏನು?

ಬೇಳೆಗೆ ಸಾಧಾರಣ ದಪ್ಪದ ಪಾರದರ್ಶಕ ಕವರ್ ನಡೆಯುತ್ತದೆ. ಮೆಣಸಿನಕಾಯಿಗೆ ನಡೆಯುವುದಿಲ್ಲ. ಬೆಳಕು ತಾಗಿದಷ್ಟೂ ಅದರ ಕೆಂಪು ಮಾಸುತ್ತದೆ. ಬ್ಯಾಡಗಿಗೆ ಬೆಲೆ ಬರುವುದೇ ಬಣ್ಣದಿಂದ ಅಲ್ವಾ? ಒಳಗೆ ಪದರ ಇರುವ ಲ್ಯಾಮಿನೇಟೆಡ್ ಕವರ್ ತೆಗೆದುಕೊಂಡು, ನೋಡಲು ಸಣ್ಣ ಕಿಟಕಿ ಇದ್ದರೆ ಸಾಕು. ಒತ್ತಿ ತುಂಬಬೇಡಿ. ಕಾಯಿ ಮುರಿದು ಬೀಜವೆಲ್ಲ ತಳಕ್ಕೆ ಬಿದ್ದರೆ ಗಿರಾಕಿ ಮತ್ತೆ ಕೊಳ್ಳುವುದಿಲ್ಲ.

ಕವರ್ ಮತ್ತು ಮಾಲಿನ ಪರೀಕ್ಷೆಗೆ, ತರಬೇತಿಗೆ ಮೈಸೂರಿನ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇದೆ. ಸ್ವಲ್ಪ ಖರ್ಚಾದರೂ ಒಮ್ಮೆ ಹೋಗಿ ವಿಚಾರಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಹಂತ 6: ತುಂಬಿ, ತೂಗಿ, ಸೀಲ್ ಮಾಡುವುದು

ಖಾಲಿ ಕವರ್ ತಕ್ಕಡಿ ಮೇಲಿಟ್ಟು ಟೇರ್ ಗುಂಡಿ ಒತ್ತಿ. ಸೊನ್ನೆ ತೋರಿಸಲಿ. ಆಮೇಲೆ ತುಂಬಿ. ಲೇಬಲ್ ಮೇಲೆ ಬರೆಯುವ ನಿವ್ವಳ ತೂಕದಲ್ಲಿ ಕವರಿನ ತೂಕ ಸೇರಬಾರದು.

500 ಗ್ರಾಂನ ಒಂದೊಂದು ಪ್ಯಾಕೆಟ್‌ಗೆ 15 ಗ್ರಾಂವರೆಗಿನ ವ್ಯತ್ಯಾಸವನ್ನು ನಿಯಮ ಸಹಿಸುತ್ತದೆ. ಇದನ್ನು ಓದಿ 485 ಗ್ರಾಂ ತುಂಬಲು ಹೋಗಬೇಡಿ. ತಪಾಸಣೆಯಲ್ಲಿ ಹಲವು ಪ್ಯಾಕೆಟ್ ತೂಗಿ ಸರಾಸರಿ ನೋಡುತ್ತಾರೆ. ಸರಾಸರಿ 500ಕ್ಕಿಂತ ಕಮ್ಮಿ ಬರುವಂತಿಲ್ಲ. ಎರಡು ಮೂರು ಗ್ರಾಂ ಜಾಸ್ತಿ ತುಂಬುವುದೇ ಕ್ಷೇಮ.

ಅದರ ಲೆಕ್ಕವನ್ನು ಬೆಲೆಯಲ್ಲಿ ಹಿಡಿಯಿರಿ. 50 ಕಿಲೋ ಚೀಲಕ್ಕೆ ನೂರು ಪ್ಯಾಕೆಟ್ ಅಂತ ಎಣಿಸಿ ಬೆಲೆ ಕಟ್ಟಿದವರು ಸೋಲುತ್ತಾರೆ. ಕಸ, ನುಚ್ಚು ಅಂತ ಒಂದು ಕಿಲೋ ಹೋಯಿತು ಅನ್ನಿ. ಉಳಿದದ್ದು 49 ಕಿಲೋ. ಪ್ಯಾಕೆಟ್‌ಗೆ 503 ಗ್ರಾಂ ತುಂಬಿದರೆ ಸಿಗುವುದು 97 ಪ್ಯಾಕೆಟ್. ಮೂರು ಪ್ಯಾಕೆಟ್‌ನ ಹಣ ಅಲ್ಲೇ ಹೋಯಿತು. ಕವರ್, ಲೇಬಲ್, ಕರೆಂಟು, ಕೂಲಿ, ಅಂಗಡಿಯವರ ಕಮಿಷನ್ ಆಮೇಲಿನ ಮಾತು.

ಸೀಲ್ ಮಾಡುವ ಮುನ್ನ ಕವರಿನ ಬಾಯಿಯ ಒಳಭಾಗ ಒರೆಸಿ. ಬೇಳೆಯ ಹುಡಿ ಅಲ್ಲಿ ಸಿಕ್ಕಿಕೊಂಡರೆ ಸೀಲ್ ಹಿಡಿದಂತೆ ಕಂಡರೂ ಹಿಡಿದಿರುವುದಿಲ್ಲ. ಶುರುವಿನ ಕೆಲವು ಪ್ಯಾಕೆಟ್ ತೆಗೆದು ಎರಡೂ ಕೈಯಿಂದ ಒತ್ತಿ ನೋಡಿ. ಗಾಳಿ ಸುಯ್ ಅಂದರೆ ಸೀಲರ್ ಶಾಖ ಸ್ವಲ್ಪ ಏರಿಸಿ. ಸೀಲ್ ಜಾಗ ಸುಕ್ಕಾಗಿ ಕಂದಿದರೆ ಇಳಿಸಿ. ಇನ್ನೂ ಅನುಮಾನ ಇದ್ದರೆ ಬಕೆಟ್ ನೀರಲ್ಲಿ ಮುಳುಗಿಸಿ ಒತ್ತಿ, ಗುಳ್ಳೆ ಬರುತ್ತಾ ನೋಡಿ.

ಹಂತ 7: ಲೇಬಲ್ ಮತ್ತು ನೋಟ್‌ಬುಕ್

ಲೇಬಲ್ ಮೇಲೆ ಇಷ್ಟು ಇರಲೇಬೇಕು: ಪದಾರ್ಥದ ಹೆಸರು, ನಿವ್ವಳ ತೂಕ, ಪ್ಯಾಕ್ ಮಾಡಿದವರ ಹೆಸರು ಮತ್ತು ಪೂರ್ತಿ ವಿಳಾಸ, ಎಫ್‌ಎಸ್‌ಎಸ್‌ಎಐ ಲೋಗೋ ಮತ್ತು ಸಂಖ್ಯೆ, ಬ್ಯಾಚ್ ಸಂಖ್ಯೆ, ಪ್ಯಾಕ್ ಮಾಡಿದ ದಿನಾಂಕ, ಎಕ್ಸ್‌ಪೈರಿ ದಿನಾಂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಬಿಡಿ ದರ, ದೂರು ಹೇಳಲು ಫೋನ್ ಮತ್ತು ಇಮೇಲ್, ಹಸಿರು ಚೌಕದೊಳಗೆ ಹಸಿರು ಚುಕ್ಕಿ. ಸಂಸ್ಕರಿಸದ ಒಂದೇ ಪದಾರ್ಥವಾದರೆ ಪೋಷಕಾಂಶದ ಪಟ್ಟಿಗೆ ವಿನಾಯಿತಿ ಇದೆ. ಹೆಸರಿನ ಹಿಂದೆ "ಪ್ಯಾಕ್ ಮಾಡಿದವರು" ಅಂತಲೇ ಇರಲಿ, "ತಯಾರಿಸಿದವರು" ಅಂತ ಬೇಡ.

ಬಿಡಿ ದರ ಅಂದರೆ ಒಂದು ಗ್ರಾಂಗೆ ಅಥವಾ ಒಂದು ಕಿಲೋಗೆ ಎಷ್ಟು ಅನ್ನುವ ಲೆಕ್ಕ. ಒಂದು ಕಿಲೋಗಿಂತ ಕಮ್ಮಿ ಇದ್ದರೆ ಗ್ರಾಂ ಲೆಕ್ಕ, ಜಾಸ್ತಿ ಇದ್ದರೆ ಕಿಲೋ ಲೆಕ್ಕ. 500 ಗ್ರಾಂಗೆ 90 ರೂಪಾಯಿ ಇದ್ದರೆ ಗ್ರಾಂಗೆ 0.18 ರೂಪಾಯಿ. ಸರಿಯಾಗಿ ಒಂದು ಕಿಲೋ ಪ್ಯಾಕೆಟ್ ಆದರೆ ಎಂಆರ್‌ಪಿಯೇ ಬಿಡಿ ದರ, ಬೇರೆ ಬರೆಯಬೇಕಿಲ್ಲ.

ಭಾಷೆಯ ವಿಷಯದಲ್ಲಿ ಗೊಂದಲ ಜಾಸ್ತಿ. ಕೇಂದ್ರದ ನಿಯಮದಂತೆ ಈ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿ ಹಿಂದಿಯಲ್ಲಿ ಇರಬೇಕು. ಬರೀ ಕನ್ನಡದ ಲೇಬಲ್ ತಪಾಸಣೆಯಲ್ಲಿ ನಿಲ್ಲುವುದಿಲ್ಲ. ಹಾಗಂತ ಕನ್ನಡ ಬಿಡಬೇಡಿ. ನಿಮ್ಮ ಗಿರಾಕಿ ಓದುವುದು ಕನ್ನಡ. ಹೆಸರು, ತೂಕ, ದಿನಾಂಕ ಕನ್ನಡದಲ್ಲೂ ದಪ್ಪಗೆ ಹಾಕಿ.

ಎಕ್ಸ್‌ಪೈರಿ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ. ತಂದ ಚೀಲದ ಮೇಲೆ ಎಕ್ಸ್‌ಪೈರಿ ಇದ್ದರೆ ನಿಮ್ಮ ಪ್ಯಾಕೆಟ್‌ನದ್ದು ಅದನ್ನು ದಾಟಬಾರದು. ರೀಪ್ಯಾಕ್ ಮಾಡಿದ ದಿನದಿಂದ ಮಾಲಿನ ಆಯಸ್ಸು ಹೊಸದಾಗಿ ಶುರುವಾಗುವುದಿಲ್ಲ. ಚೀಲದ ಮೇಲೆ ಏನೂ ಇಲ್ಲದಿದ್ದರೆ, ಪಕ್ಕದ ಬ್ರ್ಯಾಂಡ್ ಒಂದು ವರ್ಷ ಹಾಕಿದೆ ಅಂತ ನೀವೂ ಹಾಕಬೇಡಿ. ಪ್ರತಿ ಬ್ಯಾಚ್‌ನಿಂದ ಒಂದೆರಡು ಪ್ಯಾಕೆಟ್ ತೆಗೆದಿಟ್ಟು ತಿಂಗಳು ತಿಂಗಳು ನೋಡಿ, ನಿಮ್ಮ ಊರಿನ ಹವೆಗೆ ಎಷ್ಟು ದಿನ ನಿಲ್ಲುತ್ತದೋ ಅಷ್ಟೇ ಬರೆಯಿರಿ. ಬರೀ "ಬೆಸ್ಟ್ ಬಿಫೋರ್" ಹಾಕಿದರೆ ಸಾಲದು. 2020ರ ಲೇಬಲ್ ನಿಯಮದಲ್ಲಿ ಕಡ್ಡಾಯ ಆಗಿರುವುದು ಎಕ್ಸ್‌ಪೈರಿ.

ಬೆಲೆ ಇಳಿಸಿದರೆ ಸ್ಟಿಕ್ಕರ್ ಹಾಕಬಹುದು, ಹಳೆಯ ಎಂಆರ್‌ಪಿ ಮುಚ್ಚಬಾರದು. ಏರಿಸಲು ಸ್ಟಿಕ್ಕರ್ ಹಾಕುವಂತಿಲ್ಲ. "ಸಾವಯವ" ಅನ್ನುವ ಪದಕ್ಕೆ ಪ್ರಮಾಣಪತ್ರ ಬೇಕು. ರೈತರ ಹತ್ತಿರ ಇದ್ದರೆ ಸಾಲದು, ನಡುವೆ ನಿಂತು ಪ್ಯಾಕ್ ಮಾಡುವ ನಿಮಗೂ ಬೇಕು. ತಪ್ಪು ಲೇಬಲ್‌ಗೆ ಕಾಯ್ದೆಯಲ್ಲಿ 3 ಲಕ್ಷ ರೂಪಾಯಿವರೆಗೆ ದಂಡ ಇದೆ.

ಇನ್ನು ನೋಟ್‌ಬುಕ್. ಒಂದು ಸಾಲು ಹೀಗಿರಲಿ: ಬ್ಯಾಚ್ ತೊ-14, ಪ್ಯಾಕ್ ಮಾಡಿದ ದಿನ, ಯಾರಿಂದ ತಂದದ್ದು, ಬಿಲ್ ಸಂಖ್ಯೆ, ಎಷ್ಟು ಚೀಲ, ಕಸ ಎಷ್ಟು, ಎಷ್ಟು ಪ್ಯಾಕೆಟ್, ಯಾವ ಯಾವ ಅಂಗಡಿಗೆ ಎಷ್ಟೆಷ್ಟು. ಎರಡು ಮಂಡಿಯ ಮಾಲು ಒಂದೇ ರಾಶಿಗೆ ಸುರಿಯಬೇಡಿ. ಸುರಿದರೆ ಬ್ಯಾಚ್ ಸಂಖ್ಯೆಗೆ ಅರ್ಥವೇ ಇರುವುದಿಲ್ಲ.

ಹಂತ 8: ದೂರು ಬಂದಾಗ

ಅಂಗಡಿಯವರು ಫೋನ್ ಮಾಡಿ "ನಿಮ್ಮ ಬೇಳೆಯಲ್ಲಿ ಹುಳು" ಅಂದರೆ ವಾದ ಬೇಡ. ಬ್ಯಾಚ್ ಸಂಖ್ಯೆ ಕೇಳಿ. ತೆಗೆದಿಟ್ಟ ಅದೇ ಬ್ಯಾಚ್‌ನ ಪ್ಯಾಕೆಟ್ ಒಡೆದು ನೋಡಿ. ಅದರಲ್ಲೂ ಹುಳು ಇದ್ದರೆ ನೋಟ್‌ಬುಕ್ ತೆರೆದು ಆ ಬ್ಯಾಚ್ ಹೋದ ಅಂಗಡಿಗಳಿಗೆಲ್ಲ ಅಂದೇ ಫೋನ್ ಮಾಡಿ, ಉಳಿದದ್ದೆಲ್ಲ ವಾಪಸ್ ತರಿಸಿ, ಹಣ ಹಿಂದಿರುಗಿಸಿ. ನಿಮ್ಮಲ್ಲಿರುವುದು ಚೆನ್ನಾಗಿದ್ದರೆ ಆ ಅಂಗಡಿಗೆ ಹೋಗಿ ಪ್ಯಾಕೆಟ್ ಎಲ್ಲಿಟ್ಟಿದ್ದಾರೆ ನೋಡಿ. ಹುಳು ಬಿದ್ದ ಅಕ್ಕಿ ಚೀಲದ ಪಕ್ಕವೋ, ಗೋಡೆ ತೇವ ಇರುವ ಕಡೆಯೋ ಇಟ್ಟಿರಬಹುದು. ವಾಪಸ್ ಬಂದ ಮಾಲನ್ನು ಜರಡಿ ಹಿಡಿದು ಮತ್ತೆ ಪ್ಯಾಕ್ ಮಾಡುವಂತಿಲ್ಲ. ಎಷ್ಟು ಬಂತು, ಏನು ಮಾಡಿದಿರಿ ಅನ್ನುವುದನ್ನೂ ಅದೇ ಸಾಲಿನ ಮುಂದೆ ಬರೆದಿಡಿ.